ಎಡಕ್ಕೆ ಎಳೆಯುವ ಕಾರು

"ಸ್ಟೇರಿಂಗ್ ನೆಟ್ಟಗೆ ಹಿಡಿದ್ರೆ ಕಾರು ಎಡಕ್ಕೆ ಎಳೆಯುತ್ತೆ! ಮುಂದಿನ ಚಕ್ರ ಎರಡು ಸಲ ಸರಿ ಮಾಡಿಸಿದ್ದಾಯ್ತು. ನೀವಾದ್ರೂ ಸರಿಯಾಗಿ ನೋಡ್ತೀರೋ, ಇಲ್ವೋ?"

ಕಾರಿನಡಿಯಿಂದ ಎದ್ದು ಬಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ನಕ್ಕ.

"ಮುಂದಿನದನ್ನ ಎಷ್ಟು ತಿರುಗಿಸಿದ್ರೂ ಅಷ್ಟೇ ರೀ. ಹಿಂದಿನ ಚಕ್ರ ಸೊಟ್ಟ ಇದ್ರೆ ಏನು ಮಾಡೋಕಾಗುತ್ತೆ?"

ಅಯ್ಯೋ, ಆ ನಗು! ಅವಳಿಗೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ನಿಂತುಹೋಯಿತು.

ಅವಳು ಮಣ್ಣಿನ ಪಾತ್ರೆ ಮಾಡುವವಳು. ಅಂದು ಪಾತ್ರೆಗಳನ್ನೆಲ್ಲ ಅಂಗಡಿಗೆ ಕೊಟ್ಟು ಖಾಲಿ ಕಾರಿನಲ್ಲಿ ಬಂದಿದ್ದಳು. ಅವನು ನಾಲ್ಕೂ ಚಕ್ರಕ್ಕೆ ಅಳತೆಯ ಸಾಧನ ಸಿಕ್ಕಿಸಿ, ಹಿಂದಿನ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ ಬಿಗಿದ. ಕಂಪ್ಯೂಟರ್ ಪರದೆಯ ಮೇಲೆ ಅಳತೆಗಳೆಲ್ಲ ಹಸಿರಾದವು.

ನಾಲ್ಕೇ ದಿನ... ಕಾರು ಮತ್ತೆ ಎಡಕ್ಕೆ!

ಎರಡನೆಯ ಸಲ ಹೋಗುವಾಗ ಅವಳು ಡಿಕ್ಕಿಯಲ್ಲಿದ್ದ ಜೇಡಿಮಣ್ಣಿನ ಮೂಟೆಗಳನ್ನೆಲ್ಲ ಇಳಿಸಿ, ಕಾರನ್ನು ಒಳಗೂ ಹೊರಗೂ ತೊಳೆದಳು. ಯಾಕೆ ಅಂತ ಬಾಯಿಬಿಟ್ಟು ಹೇಳಬೇಕೇ! ಅವನು ಅಳೆದು "ಎಲ್ಲಾ ಸರಿಯಾಗಿದೆ" ಎಂದ. ಮೂರನೆಯ ಸಲವೂ ಅದೇ ತೊಳೆಯುವಿಕೆ, ಅದೇ ಮಾತು.

ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ನಾನು ಮತ್ತೆ ಮತ್ತೆ ಬರಲಿ ಅಂತ ಬೇಕೂಂತಲೇ ಅರೆಬರೆ ಕೆಲಸ ಮಾಡ್ತಿದ್ದೀರಾ?"

ಅವನ ಮುಖ ಸಪ್ಪಗಾಯಿತು. "ಜನರ ಜೀವ ಹೊರೋ ಚಕ್ರದ ಜೊತೆ ನಾನು ಆಟ ಆಡಲ್ಲ. ಬೇರೆ ಕಡೆ ತೋರಿಸ್ಕೊಳ್ಳಿ."

ಆಮೇಲೆ ಹತ್ತು ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಹೂಜಿ ಕೈಯಲ್ಲೇ ಕುಸಿದವು. 'ಛೆ, ಯಾಕಾದರೂ ಹಾಗಂದೆನೋ... ಇನ್ನು ಯಾವ ಮುಖ ಹೊತ್ತು ಹೋಗಲಿ?'

ಹನ್ನೊಂದನೆಯ ದಿನ ಬೆಳಿಗ್ಗೆ ತಿರುವಿನಲ್ಲಿ ಕಾರು ಎಳೆದ ಎಳೆತಕ್ಕೆ ಪಕ್ಕದ ಗೋಡೆ ಗೇಣು ದೂರದಲ್ಲಿ ತಪ್ಪಿತು. ಅವಳು ಮೂಟೆಗಳ ಸಮೇತ ನೇರ ಅವನ ಗ್ಯಾರೇಜಿಗೇ ನುಗ್ಗಿದಳು.

ಗ್ಯಾರೇಜಿನ ಒಡತಿ ಅವನ ಅಕ್ಕ. "ಬಂದ್ಯಾ ತಾಯಿ! ಹತ್ತು ದಿನದಿಂದ ಇವನು ಮುಖ ಊದಿಸ್ಕೊಂಡು ನನ್ನ ಪ್ರಾಣ ತಿಂತಿದ್ದಾನೆ."

"ಅಕ್ಕಾ, ಸುಮ್ನಿರು!"

ಅವನು ಡಿಕ್ಕಿ ತೆರೆದವನೇ ನಿಂತುಬಿಟ್ಟ.

"ಕಾರು ಇಷ್ಟು ಭಾರ ದಿನಾ ಹೊರುತ್ತಾ?"

"ಹೂಂ..."

"ನನ್ನ ಹತ್ರ ತರುವಾಗ?"

"ಇಳಿಸಿ, ತೊಳೆದು ತರ್ತಿದ್ದೆ."

ಮೂಟೆಗಳನ್ನು ಹಾಗೇ ಬಿಟ್ಟು ಅಳೆದ. ಪರದೆ ಕೆಂಪಾಯಿತು! ಬಲಗಡೆಯ ಹಿಂದಿನ ಚಕ್ರವನ್ನು ಹಿಡಿದಿದ್ದ ರಬ್ಬರ್ ಬುಷ್ ಸವೆದಿತ್ತು. ಭಾರ ಬಿದ್ದಾಗ ಅದು ಜಗ್ಗಿ ಚಕ್ರ ಹೊರಕ್ಕೆ ತಿರುಗುತ್ತಿತ್ತು. ಖಾಲಿ ಕಾರಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

"ತಪ್ಪು ನನ್ನದೇ," ಅವಳ ಕಣ್ಣು ತುಂಬಿತು. "ಮಣ್ಣು ಮೆತ್ತಿದ ಕಾರು ನೀವು ನೋಡೋದು ಬೇಡ ಅನ್ನಿಸ್ತು. ಅದರ ಮೇಲೆ ನಿಮಗೇ ಬಾಯಿಗೆ ಬಂದ ಹಾಗೆ ಅಂದೆ. ಕ್ಷಮಿಸ್ತೀರಾ?"

"ನನ್ನದೂ ತಪ್ಪಿದೆ," ಅವನು ತಲೆ ತಗ್ಗಿಸಿದ. "ದಿನಾ ಎಷ್ಟು ಭಾರ ಹಾಕ್ತೀರಿ ಅಂತ ಮೊದಲೇ ಕೇಳಬೇಕಿತ್ತು. ಉಳಿದ ಎಲ್ಲರನ್ನೂ ಕೇಳ್ತೀನಿ. ನಿಮ್ಮ ಮುಖ ನೋಡಿ... ಮರೆತುಬಿಟ್ಟೆ."

ಅಕ್ಕ ಯಾರೂ ಕರೆಯದಿದ್ದರೂ "ಬಂದೇ" ಎಂದು ಒಳಗೆ ಹೋದಳು.

ಅವನು ಹೊಸ ಬುಷ್ ಹಾಕಿ, ಭಾರ ಇರುವಂತೆಯೇ ಚಕ್ರ ಸರಿಪಡಿಸಿ ಬೋಲ್ಟ್ ಬಿಗಿದ.

"ಆಯ್ತು. ಇನ್ನು ಬರೋ ಅಗತ್ಯ ಇಲ್ಲ."

ಅವಳು ಬೀಗದ ಕೈ ತೆಗೆದುಕೊಂಡಳು, ಕಾಲು ಮಾತ್ರ ಮುಂದಕ್ಕೆ ಬರಲಿಲ್ಲ.

"ಅಗತ್ಯ ಇಲ್ದೇನೇ ಬಂದ್ರೆ?"

ಅವನ ಕಿವಿ ಕೆಂಪಾಯಿತು.

"ಸಂಜೆ ಆರಕ್ಕೆ ಬಾಗಿಲು ಹಾಕ್ತೀನಿ. ಕಾರು ಬೇಡ... ನೀವೊಬ್ಬರೇ ಬನ್ನಿ."