ನೀಲಿ ಬಂಡಿಯ ಪುಟ್ಟ ಆಂಟೆನಾ

"ಇದರಲ್ಲಿ ಏನೂ ಕೆಟ್ಟಿಲ್ಲ ಮೇಡಂ."

"ಕೆಟ್ಟಿಲ್ವಾ? ಬಂಡಿ ತಾನಾಗಿ ಎಡಕ್ಕೆ ಎಳೀತಿದೆ ಅಂತ ಹೇಳ್ತಿದ್ದೀನಲ್ಲ! ನೀವು ಸರಿಯಾಗಿ ನೋಡಿದ್ರಾ ಇಲ್ವಾ?"

ಅಲೆಕ್ಸಾಂಡ್ರಿಯಾದ ರಮ್ಲ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ವಿಡಿಯೋ ಗೇಮ್ ರಿಪೇರಿ ಮಾಡುವ ಆ ಬೆಂಕಿಪೊಟ್ಟಣದಂಥ ಅಂಗಡಿಯಲ್ಲಿ, ನಿವೀನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಔಷಧಿ ಅಂಗಡಿಯ ಕೆಲಸ ಮುಗಿಸಿ ನೇರ ಬಂದವಳು. ಹಸಿವೂ ಇತ್ತು, ಸಿಟ್ಟೂ ಇತ್ತು.

ಮೇಜಿನ ಆಚೆ ಕೂತಿದ್ದ ಹೈಥಮ್ ಮಾತ್ರ ಬಿಸಿಯಾಗಲಿಲ್ಲ. ಆಟದ ಕಂಟ್ರೋಲರನ್ನು ತಿರುಗಿಸಿ, ಅದರ ಗುಂಡಿಯನ್ನು ಹೆಬ್ಬೆರಳಿನಿಂದ ಮತ್ತೊಮ್ಮೆ ಆಡಿಸಿದ.

"ಇದರಲ್ಲಿ ಆಡೋರು ಯಾರು?"

"ನಮ್ಮ ಬಾಬಾ. ಯಾಕೆ? ವಯಸ್ಸಾದೋರು ಆಡಬಾರದಾ?"

ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ ಮೆಲ್ಲಗೆ ಹೇಳಿದ. "ಬಿಟ್ಟು ಹೋಗಿ. ಗುಂಡಿ ಬದಲಾಯಿಸಿ ನಾನೇ ಮನೆಗೆ ತಂದುಕೊಡ್ತೀನಿ."

"ಅಂದ್ರೆ ಕೆಟ್ಟಿತ್ತು ಅಂತಾಯ್ತು!"

"ಹೂಂ... ಕೆಟ್ಟಿತ್ತು ಅಂತಾನೇ ಇಟ್ಕೊಳ್ಳಿ."

ಗೆದ್ದ ಹೆಮ್ಮೆಯಲ್ಲಿ ನಿವೀನ್ ಹೊರಟಳು. ಆ ಒಂದು ಕ್ಷಣದ ಮೌನವನ್ನು ಅವಳು ಗಮನಿಸಲೇ ಇಲ್ಲ. ಗಮನಿಸಿದ್ದರೆ...! ಆದರೆ ಗೆದ್ದವರು ಎಲ್ಲಿ ಹಿಂತಿರುಗಿ ನೋಡುತ್ತಾರೆ?

*

ಕಂಟ್ರೋಲರ್ ಹಿಡಿದು ನಾಲ್ಕನೇ ಮಹಡಿ ಹತ್ತಿ ಬಂದ ಹೈಥಮ್‌ನನ್ನು ಬಾಬಾ ಬಾಗಿಲಿನಿಂದಲೇ ಎಳೆದು ಕೂರಿಸಿದರು.

"ಒಂದು ಆಟ ಆಡದೆ ಹೋದ್ರೆ ನಮ್ಮನೆ ಚಹಾ ಹರಾಮ್ ನಿನಗೆ!"

ಬಾಬಾ ಅಂದರೆ ನಿವೀನ್‌ಳ ಅಪ್ಪ ವಗ್ದಿ. ಮೂವತ್ತೊಂದು ವರ್ಷ ಟ್ರಾಮ್ ಓಡಿಸಿ ನಿವೃತ್ತರಾದವರು. ಅವರಿಗೆ ಈ ಬಂಡಿ ಓಟದ ಆಟವೆಂದರೆ ಪ್ರಾಣ. ಆಟವೂ ಹಾಗೇ ಇತ್ತು. ಗುಂಡಿನ ಸದ್ದಿಲ್ಲ, ರಕ್ತವಿಲ್ಲ. ಬಣ್ಣಬಣ್ಣದ ಬಂಡಿಗಳು, ಎದುರಾಳಿಯನ್ನು ಜಾರಿಸಲು ಬಾಳೆಹಣ್ಣಿನ ಸಿಪ್ಪೆ. ಮುಂದಿರುವವನಿಗೆ ಸಿಪ್ಪೆ ಮಾತ್ರ, ಕಟ್ಟಕಡೆಯವನಿಗೆ ರಾಕೆಟ್! ಸೋಲುತ್ತಿರುವವರನ್ನು ಇಷ್ಟು ಮುದ್ದು ಮಾಡುವ ಆಟ ಬೇರೆ ಯಾವುದಿದೆ ಹೇಳಿ?

"ನೋಡಯ್ಯಾ," ಬಾಬಾ ತಮ್ಮ ನೀಲಿ ಬಂಡಿಯನ್ನು ಆರಿಸಿದರು. ಅವರ ಟ್ರಾಮ್ ಕೂಡ ನೀಲಿಯೇ ಆಗಿತ್ತು. "ಮೂವತ್ತೊಂದು ವರ್ಷದಲ್ಲಿ ಒಂದು ದಿನಾನಾದ್ರೂ ನನಗೆ ಬೇಕಾದ ಕಡೆ ತಿರುಗಿಸೋಕಾಯ್ತಾ? ಹಳಿ ಎಲ್ಲಿಗೆ ಅಂತೋ ಅಲ್ಲಿಗೆ! ಟ್ರಾಮಿಗೆ ಸ್ಟೀರಿಂಗೇ ಇಲ್ಲ ಕಣೋ. ಈಗ ನೋಡು... ಎಡಕ್ಕೆ ಬೇಕಾ, ಎಡಕ್ಕೆ! ಬಲಕ್ಕೆ ಬೇಕಾ, ಬಲಕ್ಕೆ!"

"ಹಾಗಂತ ಸಮುದ್ರಕ್ಕೆ ಬಿದ್ರಲ್ಲ ಬಾಬಾ!" ನಿವೀನ್ ನಕ್ಕಳು.

ಅಮ್ಮನ ಆಟವಂತೂ ಕೇಳಲೇಬೇಡಿ. ತಿರುವು ಬಂದಾಗ ಬಂಡಿಯ ಬದಲು ತಾನೇ ಸೋಫಾದ ಮೇಲೆ ವಾಲಿ, ಪಕ್ಕದವರ ಚಹಾ ಚೆಲ್ಲಿಬಿಡುತ್ತಿದ್ದಳು.

ಹೈಥಮ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನ ನಗುವನ್ನು ಕದ್ದು ನೋಡಿದ ನಿವೀನ್‌ಳ ಬಂಡಿ ಗೋಡೆಗೆ ಗುದ್ದಿತು. ಅವಳ ಎದೆಯಲ್ಲೂ ಏನೋ ಗುದ್ದಿತು!

*

ಆರು ತಿಂಗಳಲ್ಲಿ ನಿಶ್ಚಿತಾರ್ಥವಾಯಿತು. ಇಬ್ಬರ ಬಲಗೈಗೂ ಉಂಗುರ ಬಂತು. ಮದುವೆಯ ದಿನ ಅದು ಎಡಗೈಗೆ ಹೋಗಬೇಕು, ಅಷ್ಟೇ ಬಾಕಿ.

ಅಲ್ಲಿಯವರೆಗೆ ಪ್ರತಿ ಶುಕ್ರವಾರ, ನಮಾಜ್ ಮುಗಿಸಿ ಹೈಥಮ್ ಬರುತ್ತಿದ್ದ. ಮೀನು, ಕಂದುಬಣ್ಣದ ಅನ್ನ, ಊಟವಾದ ಮೇಲೆ ಆಟ. ಅಪ್ಪ ಅಮ್ಮ ಎದುರಿಗೇ ಕೂತಿರುವಾಗ ನಿಶ್ಚಯವಾದ ಜೋಡಿ ಏನು ತಾನೇ ಮಾತಾಡೀತು? ಅವರ ಮಾತೆಲ್ಲ ತೆರೆಯ ಮೇಲಿತ್ತು. ಅವಳ ಬಂಡಿ ಹಿಂದೆ ಬಿದ್ದರೆ ಅವನ ಬಂಡಿ ರಸ್ತೆಬದಿಯಲ್ಲಿ ನಿಂತು ಕಾಯುತ್ತಿತ್ತು.

"ಯಾಕೆ ನಿಲ್ಸಿದ್ದೀಯಾ?"

"ಪೆಟ್ರೋಲ್ ಮುಗೀತು."

"ಆಟದಲ್ಲಿ ಪೆಟ್ರೋಲಾ?"

"ನೀನು ಹಿಂದೆ ಇದ್ರೆ ನನ್ನದು ಮುಗಿಯುತ್ತೆ, ಏನ್ಮಾಡ್ಲಿ?"

ಅವಳ ಕೆನ್ನೆ ಕೆಂಪಾಗುತ್ತಿತ್ತು. ಆದರೂ ಒಂದು ಮುಳ್ಳು ಒಳಗೆ ಉಳಿದಿತ್ತು. ನಿಶ್ಚಿತಾರ್ಥದ ದಿನ ಹೈಥಮ್‌ನ ಅಕ್ಕ ಯಾರಿಗೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. "ಟ್ರಾಮ್ ಡ್ರೈವರ್ ಮಗಳಂತೆ... ಪಾಪ, ನಮ್ಮ ಹುಡುಗನದು ಮರುಕದ ಮನಸ್ಸು."

*

ಆ ಶುಕ್ರವಾರ ಬಾಬಾ ಗೆದ್ದುಬಿಟ್ಟರು! ಇಷ್ಟು ದಿನದಲ್ಲಿ ಮೊದಲ ಸಲ, ದೊಡ್ಡ ಕಪ್!

ಅವರು ಬಾಲ್ಕನಿಗೆ ಓಡಿ, ಕೆಳಗಿನ ಕಿರಾಣಿ ಅಂಗಡಿಯ ಮೆತ್ವಲ್ಲಿಗೆ ಕೂಗಿದರು. "ಲೋ ಮೆತ್ವಲ್ಲಿ! ಗೆದ್ದೆ ಕಣೋ! ಎರಡು ಕಿಲೋ ಬಸ್ಬೂಸಾ ಸಿಹಿ ತರಿಸು, ಬೀದಿಗೆಲ್ಲ ಹಂಚು!"

ತೆರೆಯ ಮೇಲೆ ಗೆದ್ದ ಓಟ ಮತ್ತೆ ದೊಡ್ಡದಾಗಿ ಮೂಡುತ್ತಿತ್ತು. ನಿವೀನ್ ನೋಡುತ್ತಾ ಇದ್ದಳು... ನೀಲಿ ಬಂಡಿಯ ಹಿಂದೆ ಒಂದು ಪುಟ್ಟ ಆಂಟೆನಾ ಮಿನುಗುತ್ತಿತ್ತು.

ಅವಳಿಗೆ ಗೊತ್ತಿತ್ತು. ಅದು ಸ್ಟೀರಿಂಗ್ ಸಹಾಯದ ಗುರುತು. ಮೂರು ವರ್ಷದ ಮಕ್ಕಳಿಗೆಂದು ಆಟದವರು ಕೊಟ್ಟ ವ್ಯವಸ್ಥೆ. ಹಾಕಿದರೆ ಬಂಡಿ ದಾರಿ ಬಿಟ್ಟು ಬೀಳುವುದೇ ಇಲ್ಲ.

"ಇದನ್ನ ಹಾಕಿದ್ದು ಯಾರು?"

ಬಾಬಾ ಬಾಲ್ಕನಿಯಿಂದ ಬಂದು ಬಾಗಿಲಲ್ಲೇ ನಿಂತರು. ಹೈಥಮ್ ತಲೆ ತಗ್ಗಿಸಿದ.

"ನಾನೇ ಹಾಕಿದ್ದು," ಎಂದ.

"ನನ್ನ ಬಾಬಾನ್ನ ಮಗು ಅಂದ್ಕೊಂಡಿದ್ದೀಯಾ? ಬೀದಿಗೆಲ್ಲ ಸಿಹಿ ಹಂಚಿಸಿ ಒಳಗೊಳಗೇ ನಗ್ತಿದ್ದೀಯಾ? ನಮಗಾಗಿ ನಿಲ್ಲೋದು, ನಮ್ಮನ್ನ ಗೆಲ್ಸೋದು... ಇದೇನು ದಾನನಾ?"

"ನಿವೀನ್, ಹಾಗಲ್ಲ..."

"ಮತ್ತೆ ಹೇಗೆ? ಹೇಳು!"

ಹೈಥಮ್ ಬಾಬಾರತ್ತ ನೋಡಿದ. ಬಾಬಾ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ನೆಲ ನೋಡುತ್ತಿದ್ದರು. ಅವಮಾನದಿಂದ, ಎಂದುಕೊಂಡಳು ನಿವೀನ್.

"ನನ್ನ ಹತ್ರ ಹೇಳೋಕೆ ಏನೂ ಇಲ್ಲ," ಅಂದ ಹೈಥಮ್. ನಿವೀನ್ ಕಂಟ್ರೋಲರ್ ಕಿತ್ತುಕೊಂಡು ಆ ಸಹಾಯವನ್ನು ತೆಗೆದುಹಾಕಿದಳು.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು! ಬಿಡಲಿಲ್ಲ ನಮ್ಮ ಹುಡುಗಿ.

ಮರುದಿನ ಹಾಡುಹಗಲು ಹನ್ನೊಂದು ಗಂಟೆಗೆ ಅವನನ್ನು ಬೀದಿಗೆ ಕರೆಸಿದಳು. ಸಂಬಂಧ ಮುರಿದರೆ ಹುಡುಗ ಕೊಟ್ಟ ಚಿನ್ನವನ್ನು ಹಿರಿಯರು ಕೂತು, ಮುಚ್ಚಿದ ಬಾಗಿಲ ಹಿಂದೆ, ಕೈಯಿಂದ ಕೈಗೆ ಹಿಂತಿರುಗಿಸಬೇಕು. ಇವಳು ಏನು ಮಾಡಿದಳು ಗೊತ್ತೇ? ಟೊಮೆಟೊ ತರಿಸಲು ಬಾಲ್ಕನಿಯಿಂದ ಹಗ್ಗ ಕಟ್ಟಿ ಬಿಡುವ ಬುಟ್ಟಿಯಲ್ಲಿ ಉಂಗುರ, ಬಳೆ ಎಲ್ಲವನ್ನೂ ಹಾಕಿ ಕೆಳಗಿಳಿಸಿದಳು!

ಕಾಫಿ ಅಂಗಡಿಯ ಕುರ್ಚಿಗಳೆಲ್ಲ ಇತ್ತ ತಿರುಗಿದವು. ಮೆತ್ವಲ್ಲಿ ತೂಗುತ್ತಿದ್ದ ತಕ್ಕಡಿ ಕೆಳಗಿಟ್ಟ.

ಹೈಥಮ್ ಬುಟ್ಟಿಯಿಂದ ಚಿನ್ನ ತೆಗೆದುಕೊಂಡ. ಒಮ್ಮೆ ಮೇಲೆ ನೋಡಿದ. ಮತ್ತೆ ಆ ಬೀದಿಗೆ ಅವನು ಕಾಲಿಡಲಿಲ್ಲ.

*

ಆಮೇಲೆ ಬಾಬಾ ಮೂರು ಸಲ ಬಾಯಿ ತೆರೆದರು.

"ನಿವೀನ್, ಹೈಥಮ್ ವಿಷಯ ಒಂದು ಮಾತು ಹೇಳ್ಬೇಕಿತ್ತು..."

"ಆ ಹೆಸರು ಈ ಮನೇಲಿ ಬೇಡ ಬಾಬಾ!"

ಮೂರು ಸಲವೂ ಅದೇ ಉತ್ತರ.

ಕೆಲವು ತಿಂಗಳಲ್ಲಿ ಬಾಬಾರ ಕೈ ನಡುಗುವುದು ಎಲ್ಲರಿಗೂ ಕಾಣತೊಡಗಿತು. ಮಾತು ತೊದಲಿತು, ನಡಿಗೆ ಕುಗ್ಗಿತು. ಅದಕ್ಕೂ ಅವಳು ಹೈಥಮ್‌ನನ್ನೇ ದೂರಿದಳು. ಸಂಬಂಧ ಮುರಿದ ಕೊರಗಿಗೇ ಕಾಯಿಲೆ ಬಂತು ಎಂದು ನಂಬಿದಳು. ಎರಡು ವರ್ಷ ಸರಿಯಿತು. ಈ ಚಳಿಗಾಲದಲ್ಲಿ ಜ್ವರ ಎದೆಗಿಳಿದು ಬಾಬಾ ಹೋಗಿಬಿಟ್ಟರು.

ನಲವತ್ತನೇ ದಿನ ಕಳೆದ ಮೇಲೆ ಅಮ್ಮ ಹೇಳಿದಳು. "ಆ ಆಟದ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡಮ್ಮ. ನೋಡಿದ್ರೆ ಕರುಳು ಕಿತ್ತು ಬರುತ್ತೆ."

ಕೊಡುವ ಮುನ್ನ ಒಂದೇ ಒಂದು ಸಲ... ನಿವೀನ್ ಆಟ ಶುರು ಮಾಡಿದಳು.

ನೀಲಿ ಬಂಡಿ ಬಂತು. ಹಿಂದೆ ಪುಟ್ಟ ಆಂಟೆನಾ ಮಿನುಗುತ್ತಿತ್ತು.

ನಿವೀನ್ ಬಗ್ಗಿ ಮತ್ತೆ ನೋಡಿದಳು. ಅಂದೇ ಇದನ್ನು ನಾನು ತೆಗೆದಿದ್ದೆನಲ್ಲ? ಹೈಥಮ್ ಆಮೇಲೆ ಬರಲೇ ಇಲ್ಲವಲ್ಲ? ಮತ್ತೆ ಹಾಕಿದವರು ಯಾರು...?

"ನಿನ್ನ ಬಾಬಾನೇ," ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು. "ನೀನು ಕೆಲಸಕ್ಕೆ ಹೋದ್ಮೇಲೆ ಆಡ್ತಿದ್ರು. ಆ ಹುಡುಗ ಮನೆಗೆ ಬರೋಕೂ ಮುಂಚೆಯಿಂದ ಅವರ ಕೈ ನಡುಗ್ತಿತ್ತು ಕಣೇ. ಅವರೇ ಬೇಡ್ಕೊಂಡು ಹಾಕಿಸಿದ್ದು."

"ನನಗ್ಯಾಕೆ ಹೇಳ್ಲಿಲ್ಲ ಅಮ್ಮಾ?"

"ಹೇಳಿದ್ರೆ ಮದುವೆ ಬೇಡ, ಬಾಬಾನ್ನ ನೋಡ್ಕೋತೀನಿ ಅಂತ ಕೂತ್ಬಿಡ್ತಾಳೆ ಅಂತ ಅವರಿಗೆ ಭಯ. ಒಬ್ಬಳೇ ಮಗಳು ನೀನು. ಮಾತ್ರೆ ಕೂಡ ನಿನ್ನ ಅಂಗಡೀಲಿ ತಗೊಳ್ಳಲಿಲ್ಲ. ಆ ಹುಡುಗನೇ ಬೇರೆ ಕಡೆಯಿಂದ ತಂದುಕೊಡ್ತಿದ್ದ. ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡಿದ್ರು."

ನಿವೀನ್ ಕೈಯಲ್ಲಿದ್ದ ಕಂಟ್ರೋಲರನ್ನು ನೋಡಿದಳು. ಕೈ ನಡುಗುವವರಿಗೆ ದಿನವೂ ಮಾತ್ರೆ ಎಣಿಸಿ ಕೊಡುವವಳು ನಾನು... ಮನೆಯಲ್ಲಿದ್ದ ಕೈಯನ್ನು ನೋಡಲಿಲ್ಲವೇ! ಅಂದು ಜೇಬಿಗೆ ಹೋದ ಆ ಎರಡು ಕೈ... ಅಯ್ಯೋ ಬಾಬಾ!

*

ಮರುದಿನ ಅದೇ ಗಲ್ಲಿ, ಅದೇ ಬೆಂಕಿಪೊಟ್ಟಣದಂಥ ಅಂಗಡಿ. ಹೈಥಮ್‌ನ ಕಿವಿಯ ಬಳಿ ನಾಲ್ಕು ಕೂದಲು ನರೆತಿದ್ದವು.

ಅವಳು ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಎತ್ತಿ, ಗುಂಡಿ ಆಡಿಸಿ ನೋಡಿದ.

"ಇದರಲ್ಲಿ ಏನೂ ಕೆಟ್ಟಿಲ್ಲ," ಎಂದ.

"ಗೊತ್ತು. ಅವತ್ತೂ ಏನೂ ಕೆಟ್ಟಿರಲಿಲ್ಲ... ಅಲ್ವಾ?"

ಅವನ ಕಣ್ಣು ತುಂಬಿತು.

"ಯಾಕೆ ಹೇಳ್ಲಿಲ್ಲ ನೀವು? ನಾನು ಅಷ್ಟೆಲ್ಲ ಅಂದಾಗಲಾದ್ರೂ..." 'ನೀನು' ಎನ್ನುವ ಹಕ್ಕು ತನಗೆ ಉಳಿದಿಲ್ಲ ಎನಿಸಿತು ಅವಳಿಗೆ.

"ಮಾತು ಕೊಟ್ಟಿದ್ದೆ. ಮಾವ ನನ್ನ ಹತ್ರ ಕೇಳಿದ್ದು ಅದೊಂದೇ."

"ಮಾವ..." ಈಗಲೂ ಹಾಗೇ ಕರೆಯುತ್ತಿದ್ದಾನೆ! ಅವಳಿಗೆ ಬಿಕ್ಕು ತಡೆಯಲಾಗಲಿಲ್ಲ.

"ಮಂಗಳವಾರ ಮಂಗಳವಾರ ಇಲ್ಲಿಗೆ ಬರ್ತಿದ್ರು. ಕಾಲು ನಡೆಯೋವರೆಗೂ ಬಂದ್ರು. ಆ ಕುರ್ಚೀಲಿ ಕೂತು ಆಡೋರು."

"ಬಾಬಾ... ಇಲ್ಲಿಗಾ? ನನ್ನ ಬಗ್ಗೆ ಏನಂತಿದ್ರು?"

ಹೈಥಮ್ ಸ್ವಲ್ಪ ನಕ್ಕ. "ನನ್ನ ಮಗಳು ಟ್ರಾಮ್ ಇದ್ದ ಹಾಗೆ ಕಣೋ. ಬ್ರೇಕ್ ಇದೆ, ಆದ್ರೆ ಹಾಕಿದ ತಕ್ಷಣ ನಿಲ್ಲಲ್ಲ. ನಿಲ್ಲೋಕೆ ದೂರ ಬೇಕು, ಕಾಯ್ತಾ ಇರು ಅಂತಿದ್ರು."

ನಿವೀನ್ ಆ ಖಾಲಿ ಕುರ್ಚಿಯ ಬೆನ್ನು ಹಿಡಿದು ಅತ್ತಳು. ನಿಲ್ಲಲು ಎರಡು ವರ್ಷ ಬೇಕಾಯಿತು ಬಾಬಾ... ನಿಂತಾಗ ನೀವಿಲ್ಲ!

"ಕಾದ್ರಾ?" ಕೊನೆಗೆ ಕೇಳಿದಳು.

"ಬೇರೆ ಯಾರನ್ನೂ ಮದುವೆ ಆಗ್ಲಿಲ್ಲ. ಅದಕ್ಕೆ ಕಾಯೋದು ಅಂತಾರೋ ಏನೋ. ಆದ್ರೆ ನಿವೀನ್... ಆ ಬೀದಿಗೆ ನಾನು ಬರಲ್ಲ. ಆ ಬುಟ್ಟಿ ಇಳಿದಿದ್ದು ಇನ್ನೂ ಕಣ್ಣಲ್ಲಿದೆ."

"ಶುಕ್ರವಾರ, ನಮಾಜ್ ಆದ್ಮೇಲೆ, ಒಂದೇ ಒಂದ್ಸಲ ಬನ್ನಿ. ಮೇಲೆ ಬರೋದು ಬೇಡ. ಬೀದೀಲಿ ನಿಂತ್ರೆ ಸಾಕು."

*

ಶುಕ್ರವಾರ. ನಮಾಜ್ ಮುಗಿಸಿದ ಗಂಡಸರಿಂದ ಬೀದಿ ತುಂಬಿತ್ತು. ಕಾಫಿ ಅಂಗಡಿಯ ಕುರ್ಚಿಗಳಲ್ಲಿ ಜಾಗವಿರಲಿಲ್ಲ.

ನಿವೀನ್ ಬಾಲ್ಕನಿಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಬರುತ್ತಾನಾ...? ಯಾಕೆ ಬರಬೇಕು...?

ಬಂದ! ತಲೆ ತಗ್ಗಿಸಿಕೊಂಡೇ ಬಂದು ನಿಂತ.

ಬುಟ್ಟಿ ಇಳಿಯತೊಡಗಿತು. ಕುರ್ಚಿಗಳು ಮತ್ತೆ ಇತ್ತ ತಿರುಗಿದವು.

"ಏನಮ್ಮಾ ನಿವೀನ್!" ಮೆತ್ವಲ್ಲಿ ಕೂಗಿದ. "ಆ ಹುಡುಗನಿಗೆ ವಾಪಸ್ ಕೊಡೋಕೆ ಇನ್ನೂ ಏನಾದ್ರೂ ಉಳಿದಿದೆಯಾ?"

"ಉಳಿದಿದೆ ಚಾಚಾ! ನನ್ನ ತಪ್ಪು ಉಳಿದಿದೆ!" ನಾಲ್ಕನೇ ಮಹಡಿಯಿಂದ ಅವಳ ದನಿ ಬೀದಿಗೆಲ್ಲ ಕೇಳಿತು. "ಎಲ್ಲರೂ ಕೇಳಿ! ಅವತ್ತು ನೋಡಿದವರೆಲ್ಲ ಇವತ್ತೂ ನೋಡಿ! ಈ ಮನುಷ್ಯ ನನ್ನ ಬಾಬಾನ ಮಾನ ಕಾಪಾಡಿದ. ನಾನು ಇವನ ಮಾನ ಬೀದೀಲಿ ಕಳೆದೆ. ತಪ್ಪು ನನ್ನದು!"

ಮೆತ್ವಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಬುಟ್ಟಿಯಲ್ಲಿ ಬಾಬಾರ ಕಂಟ್ರೋಲರ್ ಇತ್ತು. ಹೈಥಮ್ ಅದನ್ನು ಎರಡೂ ಕೈಯಿಂದ ಎತ್ತಿಕೊಂಡ. ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ಖಾಲಿ ಬುಟ್ಟಿಯನ್ನು ಅಲ್ಲೇ ತೂಗಾಡಲು ಬಿಟ್ಟು ಮೆಟ್ಟಿಲ ಕಡೆ ನಡೆದ.

ಅಮ್ಮ ಬಾಗಿಲು ತೆಗೆದು, ಅವನ ಹಣೆಗೆ ಮುತ್ತಿಟ್ಟು, ಮೀನು ಬಿಸಿ ಮಾಡಲು ಒಳಗೆ ಹೋದಳು.

ಬಾಬಾರ ಜಾಗವನ್ನು ಖಾಲಿ ಬಿಟ್ಟು ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತರು. ತೆರೆಯ ಮೇಲೆ ನೀಲಿ ಬಂಡಿ ಕಾಯುತ್ತಿತ್ತು. ಹೈಥಮ್ ಅದನ್ನೇ ಆರಿಸಿದ.

"ಹೈಥಮ್... ನನ್ನನ್ನ ಕ್ಷಮಿಸ್ತೀಯಾ?"

"ಕ್ಷಮಿಸದೆ ನಾಲ್ಕು ಮಹಡಿ ಹತ್ತಿ ಬಂದ್ನಾ, ಹುಚ್ಚಿ?"

ಅವಳು ಅಳುತ್ತಲೇ ನಕ್ಕಳು. ಆಂಟೆನಾ ಕಡೆ ಬೆರಳು ತೋರಿಸಿದಳು.

"ಆ ಸಹಾಯ ತೆಗೆದುಬಿಡ್ಲಾ?"

"ಬೇಡ, ಇರಲಿ," ಎಂದ ಅವನು. "ಇವತ್ತು ನನ್ನ ಕೈ ನಡುಗ್ತಿದೆ."