ಹಲ್ಲಿನ ಡಾಕ್ಟರು ಹಿಡಿದ ಕೊಲೆಗಾರ್ತಿ

"ಓ, ಇದನ್ನ ಓದ್ತಿದೀರಾ? ಕೊಂದಿದ್ದು ಹೆಂಡತೀನೇ ರೀ!"

ಹಲ್ಲಿನ ಡಾಕ್ಟರು ಹೀಗೆಂದಾಗ ಅವಳ ಬಾಯಿ ಪೂರ್ತಿ ತೆರೆದಿತ್ತು. ಬೈಯುವ ಅನುಕೂಲವಿರಲಿಲ್ಲ. ಅಷ್ಟರಲ್ಲಿ ಸೂಜಿ ಒಳಗಿಳಿದು ಅರ್ಧ ಮುಖ ಮರಗಟ್ಟಿತು.

ಉಳಿದದ್ದು ಮೊದಲೇ ಹಾಗಿತ್ತು ಎನ್ನಿ. ಅಮ್ಮ ತೀರಿಹೋದಾಗಲೂ ಅವಳಿಗೆ ಅಳು ಬಂದಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳನ್ನು "ಈಗ ಕಾಣುತ್ತಾ?" ಎಂದು ಕೇಳುವುದು, ಮನೆಗೆ ಬಂದು ಅಮ್ಮನ ಕನ್ನಡಕ ಒರೆಸಿಡುವುದು... ಅಷ್ಟೇ.

ಮಡಿಲಲ್ಲಿದ್ದ ಪುಸ್ತಕ ಹೊಸದು, ಒಳಗಿದ್ದವರು ಹಳಬರು. ಅಮ್ಮ ಮತ್ತೆ ಮತ್ತೆ ಓದಿ ಹೇಳುತ್ತಿದ್ದ ಹಳೆಯ ಕಾದಂಬರಿಯ ಕೊನೆಯಲ್ಲಿ ಅಂಬಿಗನೂ ಅವನ ಹೆಂಡತಿಯೂ ಒಂದಾಗಿದ್ದರು. ಈ ಕಾಲದ ಲೇಖಕನೊಬ್ಬ ಅದನ್ನು ಪತ್ತೇದಾರಿಯಾಗಿ ಮುಂದುವರಿಸಿ, ಮೊದಲ ಪುಟದಲ್ಲೇ ಅಂಬಿಗನನ್ನು ಹೆಣವಾಗಿಸಿದ್ದ.

'ಅವಳು ಕೊಂದಳೇ? ಅಮ್ಮ ಅಷ್ಟು ಇಷ್ಟಪಟ್ಟಿದ್ದ ಅವಳು...?'

ಪುಸ್ತಕ ಮುಚ್ಚಿಟ್ಟಳು. ಅರ್ಧಕ್ಕೆ ನಿಂತ ಹಲ್ಲಿನ ಕೆಲಸಕ್ಕೂ ಮತ್ತೆ ಹೋಗಲಿಲ್ಲ.

"ಡಾಕ್ಟ್ರ ಮೇಲಿನ ಕೋಪಕ್ಕೆ ಹಲ್ಲಿಗೆ ಶಿಕ್ಷೆನಾ? ಚೆನ್ನಾಗಿದೆ ಕಣೇ ನಿನ್ನ ನ್ಯಾಯ!" ಎಂದಳು ಅಕ್ಕ.

ಕಡೆಗೆ ಕೆನ್ನೆ ಊದಿತು. ಹೋಗಲೇಬೇಕಾಯಿತು.

ಒಳಗಿನಿಂದ ಡಾಕ್ಟರ ದನಿ ಕೇಳಿಸಿತು: "ಆ ಸೀರಿಯಲ್ಲಾ? ಕೊಲೆ ಮಾಡಿದ್ದು ಅಡುಗೆಯವನು, ಯಜಮಾನ್ರೇ!"

"ಹಾಂ?!" ಎಂದರು ಯಜಮಾನರು. ಅಷ್ಟರಲ್ಲಿ ಸೂಜಿಯ ಕೆಲಸ ಮುಗಿದಿತ್ತು.

ಅವರು ಹೋದ ಮೇಲೆ ಅವಳು ಒಳಗೆ ಬಂದಳು.

"ಎಲ್ರಿಗೂ ಹೀಗೇ ಹೇಳ್ತೀರಾ?"

"ಬೆಚ್ಚಿಬಿದ್ದವರಿಗೆ ಸೂಜಿ ಗೊತ್ತಾಗಲ್ಲ, ಅದಕ್ಕೇ..."

"ಹಾಗಾದ್ರೆ ಹೆಂಡತಿ?"

"ನಂಗೇನು ಗೊತ್ತು! ನಾನು ಓದೇ ಇರಲಿಲ್ಲ." ಡಾಕ್ಟರು ಮಾಸ್ಕ್ ಕೆಳಗಿಳಿಸಿದರು. "ನೀವು ಬರದೇ ಹೋದ್ಮೇಲೆ ಕೊಂಡು ಓದಿದೆ. ಕೊನೇ ಅಧ್ಯಾಯ ಮಾತ್ರ ಹಾಗೇ ಇಟ್ಟಿದೀನಿ... ನೀವಿಲ್ದೆ ಓದೋಕೆ ಮನಸ್ಸಾಗಲಿಲ್ಲ. ನಿಮ್ಮ ಅಂಗಡಿ ಬಾಗಿಲವರೆಗೂ ಬಂದಿದ್ದೆ. ಏನಂತ ಒಳಗೆ ಬರ್ಲಿ? ಕಣ್ಣು ಚೆನ್ನಾಗೇ ಇತ್ತು!"

ಅವಳು ಆ ಕಣ್ಣುಗಳನ್ನೇ ನೋಡಿದಳು. ಕುರ್ಚಿಗೆ ಒರಗಿದಳು.

"ಮೊದಲು ಅದನ್ನ ಓದಿ. ಹಲ್ಲು ಆಮೇಲೆ."

ಡಾಕ್ಟರು ಓದಿದರು. ಕೊಂದವನು ಅಂಬಿಗನ ಪಾಲುದಾರ. ಹೆಂಡತಿ ಪ್ರತಿದಿನ ಬೆಳಗ್ಗೆ ಖಾಲಿ ದೋಣಿಯನ್ನು ತೊಳೆದು, ಒರೆಸಿ, ದಡದಲ್ಲಿ ಕಟ್ಟಿಡುತ್ತಿದ್ದಳು...

ಊದಿದ ಕೆನ್ನೆಯ ಮೇಲೆ ಏನೋ ಬೆಚ್ಚಗೆ ಇಳಿಯಿತು. ಆಮೇಲೆ ನಿಲ್ಲಲೇ ಇಲ್ಲ.

ಓದು ನಿಂತಿತು. "ನೋವಾಗ್ತಿದೆಯಾ?"

"ಹೂಂ... ತುಂಬಾ!"

"ಇಂಜೆಕ್ಷನ್ ಕೊಡ್ಲಾ?"

ಅವಳು ಅವನ ಕೈ ಹಿಡಿದುಕೊಂಡಳು.

"ಬೇಡ. ನೀವು ಓದಿ."