ಎರಡು ಹಿಡಿಯ ಕತ್ತಿ

ಬಿಲ್ಲು ಮಾಡುವವನು ಪ್ರತಿ ಗುರುವಾರ ನಮ್ಮ ಸಾಣೆ ಅಂಗಡಿಗೆ ಬರುತ್ತಿದ್ದ. ಒಂದು ಕೊಡಲಿ, ಎರಡು ಉಳಿ, ಅಪ್ಪನಿಗೊಂದು ನಮಸ್ಕಾರ, ನನ್ನ ಕಡೆಗೆ ಅರ್ಧ ನೋಟ. ಉಳಿದರ್ಧಕ್ಕೆ ನಾನು ಮುಂದಿನ ಗುರುವಾರದವರೆಗೆ ಕಾಯಬೇಕಿತ್ತು.

ಆ ದಿನ ಎರಡು ಹಿಡಿಯ ಕತ್ತಿ ತಂದಿದ್ದ. ಎರಡೂ ಕೈಯಲ್ಲಿ ಹಿಡಿದು, ಮೈಯ ಕಡೆಗೆ ಎಳೆದು ಮರ ಕೆತ್ತುವಂಥದ್ದು.

“ಹಿಡಿ ಸಡಿಲ ಆಗಿದೆ. ಬಿಗಿ ಮಾಡಿಕೊಟ್ರೆ ಸಾಕು.”

“ಇದು ಬೆಣ್ಣೆನೂ ಕುಯ್ಯಲ್ಲ! ಸಾಣೆ ಬೇಡ್ವಾ?”

ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಮಾತಾಡುತ್ತಲೇ ಹೊರಟುಹೋದ. ಪಾಪ, ಕೇಳಲು ಸಂಕೋಚ ಎಂದುಕೊಂಡೆ. ಮೊಂಡು ಅಲಗು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದರಲ್ಲೂ ಅವನದು. ಮಧ್ಯಾಹ್ನವಿಡೀ ಕೂತು, ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತ ಮಾಡಿದೆ. ಪ್ರೇಮಪತ್ರ ಬರೆಯಲು ನನಗೆ ಬಾರದು. ಬರುವುದು ಇದೊಂದೇ.

ಸಂಜೆ ನಾನಿಲ್ಲದಾಗ ಬಂದು ಕತ್ತಿ ಒಯ್ದನಂತೆ. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ.

“ಅವನ ಬಿಲ್ಲಿನ ಮರ ಕೆಟ್ಟುಹೋಯ್ತಂತೆ ಕಣೆ,” ಎಂದರು ಅಪ್ಪ, ಚಹಾ ಹೀರುತ್ತ. “ಮೂರು ವರ್ಷ ಒಣಗಿಸಿದ್ದಂತೆ. ಯಾವಳೋ ಪುಣ್ಯಾತ್ಗಿತ್ತಿ ಆ ಕತ್ತಿಗೆ ಸಾಣೆ ಹಿಡಿದುಬಿಟ್ಟಿದ್ಲಂತೆ.”

ಚಪ್ಪಲಿ ಮೆಟ್ಟಿದವಳೇ ಅವನ ಕೆಲಸದ ಕೋಣೆಗೆ ಓಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು.

“ಬೈಯೋದಿದ್ರೆ ಬೈದುಬಿಡಿ. ಬರೋದು ಮಾತ್ರ ನಿಲ್ಲಿಸ್ಬೇಡಿ.”

ಅವನು ತಲೆಯೆತ್ತಿದ. ಕಿವಿಯವರೆಗೂ ಕೆಂಪಾದ.

“ಯಾರು ಬೈತಾರೆ? ಬನ್ನಿ, ಇಲ್ಲಿ ಮುಟ್ಟಿ ನೋಡಿ.” ಬಿಲ್ಲಿನ ಬೆನ್ನು ತೋರಿಸಿದ. “ಮರಕ್ಕೆ ವರ್ಷಕ್ಕೊಂದು ಪದರ. ಬೆನ್ನಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಪದರ ಇರ್ಬೇಕು, ಇಲ್ಲಾಂದ್ರೆ ಎಳೆದಾಗ ಮುರಿಯುತ್ತೆ. ಮೊಂಡು ಕತ್ತಿ ಮೇಲಿನ ಪದರ ಮಾತ್ರ ಎಬ್ಬಿಸುತ್ತೆ. ನೀವು ಸಾಣೆ ಹಿಡಿದದ್ದು ಕೆಳಗಿನದನ್ನೂ ಕಚ್ಚಿಬಿಡ್ತು.”

“ಹಾಗಾದ್ರೆ ಮರ ಹೋಯ್ತಾ?”

“ಎಲ್ಲಿ ಹೋಗುತ್ತೆ? ಆ ಪದರ ಪೂರ್ತಿ ತೆಗೆದು ಅದರ ಕೆಳಗಿನದಕ್ಕೆ ಇಳಿದೆ. ಬರೀ ಹೆರೆಯೋ ತಗಡಲ್ಲಿ, ಹದಿಮೂರು ದಿನ. ಅದಕ್ಕೇ ಬರ್ಲಿಲ್ಲ.”

ಹೋದ ಜೀವ ಬಂದಂತಾಯಿತು. ಮರದ ಸಿಪ್ಪೆಗಳ ಮೇಲೇ ಕೂತೆ, ನಕ್ಕೆ, ಸ್ವಲ್ಪ ಅತ್ತೆ ಕೂಡ.

“ಏಳಿ. ಇದು ತೆಳ್ಳಗಾಗಿ ನನ್ನ ಕೈಗೆ ಹಗುರ ಆಯ್ತು. ನೀವು ಎಳೆದು ನೋಡಿ.”

ಎಳೆದೆ. ಹೆದೆ ಸಲೀಸಾಗಿ ಕೆನ್ನೆಯವರೆಗೆ ಬಂತು. ಅವನು ಬಿಲ್ಲಿನ ಬಾಗು ನೋಡಬೇಕಿತ್ತು, ನನ್ನನ್ನು ನೋಡುತ್ತಿದ್ದ. ಈ ಸಲ ಪೂರ್ತಿ ನೋಟ.

“ಇಟ್ಕೊಳ್ಳಿ,” ಎಂದ. “ನಿಮಗೇ.”

ಆಗ ಮೊಳೆಗೆ ತೂಗುಹಾಕಿದ್ದ ಕತ್ತಿ ಕಣ್ಣಿಗೆ ಬಿತ್ತು. ಅಲಗು ಇನ್ನೂ ಹಾಗೇ ಹೊಳೆಯುತ್ತಿತ್ತು.

“ಅರದಿಂದ ನಾಲ್ಕು ಸಲ ಉಜ್ಜಿದ್ರೆ ಇದು ಮೊಂಡಾಗ್ತಿತ್ತು. ಕೆಲಸ ಎರಡೇ ದಿನದಲ್ಲಿ ಮುಗೀತಿತ್ತಲ್ಲ!”

“ನೀವು ಮಾಡಿದ ಹರಿತ. ಕೆಡಿಸೋಕೆ ಮನಸ್ಸು ಬರ್ಲಿಲ್ಲ.”

ನಮ್ಮ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು ನಾನು. ಅಲಗನ್ನು ಬೇಕೆಂದೇ ಮೊಂಡು ಮಾಡುವುದೆಂದರೆ ನಮಗೆ ಪಾಪ. ಆದರೂ ಅರ ಕೈಗೆತ್ತಿಕೊಂಡೆ. ಅವನು ಎದುರಿಗೆ ಕೂತು ಎರಡೂ ಹಿಡಿಗಳನ್ನು ಅಲುಗದಂತೆ ಹಿಡಿದುಕೊಂಡ. ನಾನು ನಿಧಾನವಾಗಿ, ಬೇಕಾದ್ದಕ್ಕಿಂತ ತುಂಬ ನಿಧಾನವಾಗಿ ಉಜ್ಜಿದೆ.

“ಗುರುವಾರ ಬರ್ತೀರಲ್ಲ?” ಎಂದೆ.

“ಗುರುವಾರದವರೆಗೆ ಯಾರು ಕಾಯ್ತಾರೆ? ನಾಳೆನೇ ಬರ್ತೀನಿ. ನಿಮ್ಮಪ್ಪನ ಹತ್ರ ಮಾತಾಡ್ಬೇಕು.”